ಹೆದ್ದಾರಿಯ ಮೌನ ಗೆಳೆತನ: ಲೈಟಿನ ಭಾಷೆ ನಮಗೆಷ್ಟು ಅರ್ಥ ಆಗುತ್ತೆ?

ಮಂಗಳೂರಿನ ದಕ್ಕೆಯಿಂದ ಮೀನು ಹೇರಿಕೊಂಡು ತಲಪಾಡಿ ದಾಟುವ ಲಾರಿ. ಗಲ್ಫ್‌ನಿಂದ ಬರುವ ಮಗನನ್ನು ಕರೆತರಲು ಕಾಸರಗೋಡಿನಿಂದ ಬಜ್ಪೆಗೆ ಹೊರಟ ಕಾರು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರಾತ್ರಿ ಎದುರಾಗುವ ಈ ಇಬ್ಬರು ಚಾಲಕರಿಗೆ ಪರಸ್ಪರ ಹೆಸರೂ ಗೊತ್ತಿಲ್ಲ, ಮುಖವೂ ಕಂಡಿಲ್ಲ. ಆದರೂ ಮಾತಾಡಿಕೊಳ್ಳುತ್ತಾರೆ. ಲೈಟಿನಲ್ಲಿ, ಹಾರ್ನಿನಲ್ಲಿ, ಕಿಟಕಿಯಿಂದ ಹೊರಗೆ ಚಾಚಿದ ಕೈಯಲ್ಲಿ.

ಎದುರಿನಿಂದ ಬರುವ ಲಾರಿ ಲೈಟನ್ನು ಡಿಮ್ ಮಾಡಿದರೆ ನಾವೂ ಮಾಡುತ್ತೇವೆ. ಎರಡು ಕ್ಷಣ ಅವನ ಕಣ್ಣು ನಾವು ಕಾಯುತ್ತೇವೆ, ನಮ್ಮ ಕಣ್ಣು ಅವನು ಕಾಯುತ್ತಾನೆ. ಮುಂದೆ ಅಪಘಾತವಾಗಿದ್ದರೆ, ದನ ಅಡ್ಡ ಬಂದಿದ್ದರೆ, ಆ ಕಡೆಯಿಂದ ಬಂದವರು ಲೈಟ್ ಮಿನುಗಿಸಿ ಎಚ್ಚರಿಸುತ್ತಾರೆ. ದಾರಿ ಬಿಟ್ಟವನಿಗೆ ಒಂದು ಸಣ್ಣ ಹಾರ್ನ್ ಹೊಡೆದರೆ ಅದೇ ಥ್ಯಾಂಕ್ಸ್. ಘಾಟಿಯ ಇಕ್ಕಟ್ಟಿನಲ್ಲಿ ಏರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬುದು ಮರ್ಯಾದೆ ಮಾತ್ರವಲ್ಲ, ಸಂಚಾರ ನಿಯಮವೂ ಹೌದು. ಲೋಡ್ ಇರುವ ಲಾರಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎತ್ತುವ ಕಷ್ಟ ಓಡಿಸಿದವನಿಗೇ ಗೊತ್ತು.

ಆದರೆ ಈ ಭಾಷೆಗೆ ನಿಘಂಟು ಇಲ್ಲ. ಅಪಾಯ ಇರುವುದೇ ಇಲ್ಲಿ.

ಮುಂದಿರುವ ಲಾರಿ ಎಡ ಇಂಡಿಕೇಟರ್ ಹಾಕಿದರೆ 'ನಾನು ಸರಿಯುತ್ತೇನೆ, ನೀನು ಹೋಗು' ಎಂದು ಹಲವರು ತಿಳಿಯುತ್ತಾರೆ. ಕೆಲವು ಚಾಲಕರು ಅದನ್ನೇ ಹೇಳಲು ಬಲ ಇಂಡಿಕೇಟರ್ ಹಾಕುತ್ತಾರೆ. ಇನ್ನು ಕೆಲವರಿಗೆ ಬಲ ಇಂಡಿಕೇಟರ್ ಅಂದರೆ 'ಬರಬೇಡ, ಎದುರು ಗಾಡಿ ಇದೆ'. ಅಥವಾ ಅವನು ನಿಜವಾಗಿಯೂ ಬಲಕ್ಕೆ ತಿರುಗುತ್ತಿರಬಹುದು! ಎದುರಿನವನು ಲೈಟ್ ಹೊಡೆದರೆ 'ನೀನು ಬಾ' ಎಂದಲ್ಲ, ನಮ್ಮಲ್ಲಿ ಹೆಚ್ಚಾಗಿ 'ನಾನು ಬರ್ತಿದ್ದೇನೆ, ನೀನು ನಿಲ್ಲು' ಎಂದೇ ಅರ್ಥ.

ರಜೆಯಲ್ಲಿ ಊರಿಗೆ ಬಂದ ಗಲ್ಫ್ ಯುವಕರು ಇಲ್ಲಿ ಇನ್ನಷ್ಟು ಜಾಗ್ರತೆ ವಹಿಸಬೇಕು. ದುಬೈ, ಸೌದಿಯಲ್ಲಿ ಓಡಿಸುವುದು ರಸ್ತೆಯ ಬಲಬದಿಯಲ್ಲಿ, ಓವರ್‌ಟೇಕ್ ಎಡದಿಂದ. ಕೈ, ಕಣ್ಣು ಎರಡೂ ಅದಕ್ಕೆ ಒಗ್ಗಿರುತ್ತವೆ. ಇಲ್ಲಿ ಎಲ್ಲವೂ ತಿರುಗು ಮುರುಗು.

ಹಾಗಾಗಿ ಒಂದು ಮಾತು ನೆನಪಿರಲಿ: ಇನ್ನೊಬ್ಬನ ಸನ್ನೆ ನಮಗೆ ಸುದ್ದಿ, ಅನುಮತಿ ಅಲ್ಲ. ರಸ್ತೆ ಖಾಲಿ ಇದೆಯೆಂದು ನಮ್ಮ ಕಣ್ಣಿಗೆ ಕಾಣುವ ತನಕ ಓವರ್‌ಟೇಕ್ ಬೇಡ.

ಗಾಡಿ ಕೆಟ್ಟು ನಿಂತಾಗ ಹಿಂದೆ ಸೊಪ್ಪಿನ ಗೆಲ್ಲು, ಕಲ್ಲು ಇಡುವುದು ಹಳೆಯ ಪದ್ಧತಿ. ಅದೂ ಗೊತ್ತಿಲ್ಲದವರಿಗೆ ಕೊಡುವ ಎಚ್ಚರಿಕೆಯೇ. ಆದರೆ ರಿಪೇರಿ ಮುಗಿಸಿ ಕಲ್ಲನ್ನು ಅಲ್ಲೇ ಬಿಟ್ಟು ಹೋದರೆ, ಹಿಂದೆ ಬರುವ ಬೈಕ್ ಹುಡುಗನಿಗೆ ಅದೇ ಮೃತ್ಯು. ಪ್ರತಿಫಲಿಸುವ ತ್ರಿಕೋನ ಫಲಕವೊಂದು ಡಿಕ್ಕಿಯಲ್ಲಿದ್ದರೆ ಕಲ್ಲು ಹುಡುಕಬೇಕಾಗಿಲ್ಲ.

ಈ ಗೆಳೆತನದ ನಿಜವಾದ ಪರೀಕ್ಷೆ ಯಾರಾದರೂ ರಸ್ತೆಯಲ್ಲಿ ಬಿದ್ದಾಗ. 'ಪೊಲೀಸ್, ಕೋರ್ಟು ಅಂತ ಅಲೆಯಬೇಕು, ನಮಗ್ಯಾಕೆ?' ಎಂಬ ಹೆದರಿಕೆಯಿಂದ ಎಷ್ಟೋ ಗಾಡಿಗಳು ನಿಲ್ಲದೆ ಹೋಗುತ್ತವೆ. ಈ ಹೆದರಿಕೆಗೆ ಈಗ ಕಾರಣವಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಸೆಕ್ಷನ್ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. 2020ರ ನಿಯಮಗಳ ಪ್ರಕಾರ ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ನಿಮ್ಮ ಇಚ್ಛೆ.

ನಿಲ್ಲಿಸುವಾಗ ನಿಮ್ಮ ಗಾಡಿಯನ್ನು ರಸ್ತೆಯಿಂದ ಪಕ್ಕಕ್ಕೆ ತೆಗೆದು ಹಜಾರ್ಡ್ ಲೈಟ್ ಹಾಕಿ. 112 ಅಥವಾ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಹಾಯವಾಣಿಯೂ ಇದೆ. ತಲಪಾಡಿಯಂಥ ಗಡಿಯಲ್ಲಿ ನೀವು ಕರ್ನಾಟಕದಲ್ಲಿದ್ದೀರೋ ಕೇರಳದಲ್ಲೋ ಎಂದು ಮೊದಲೇ ಹೇಳಿ. ಹತ್ತಿರದ ಊರು, ಪೆಟ್ರೋಲ್ ಪಂಪ್ ಅಥವಾ ಕಿಲೋಮೀಟರ್ ಕಲ್ಲಿನ ಗುರುತು ಕೊಡಿ. ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ.

ಡಿಮ್ ಮಾಡಿದ ಲೈಟಿಗೂ, ಬಿದ್ದವನಿಗಾಗಿ ನಿಲ್ಲಿಸಿದ ಗಾಡಿಗೂ ಅರ್ಥ ಒಂದೇ: ನೀನು ಯಾರೋ ಗೊತ್ತಿಲ್ಲ, ಆದರೂ ನೀನು ಕ್ಷೇಮವಾಗಿ ಮನೆ ತಲುಪಬೇಕು.