ರೊಟ್ಟಿ ಹಿಟ್ಟಿನಲ್ಲಿ ಚಾಕೊಲೇಟ್ ಕೇಕು

ಬಿಳಿಜೋಳದ ಹಿಟ್ಟಿನ ಡಬ್ಬಿ ಇಲ್ಲದ ಅಡುಗೆಮನೆ ಕಲಬುರಗಿಯಲ್ಲಿ ಸಿಗುವುದು ಕಷ್ಟ. ಆದರೆ ಮಕ್ಕಳ ಹುಟ್ಟುಹಬ್ಬ ಬಂತೆಂದರೆ ಆ ಡಬ್ಬಿಯ ಕಡೆ ಯಾರೂ ನೋಡುವುದಿಲ್ಲ. ಬೇಕರಿಯಿಂದ ಮೈದಾ ಕೇಕೇ ಬರಬೇಕು. ಪರೀಕ್ಷೆಗೆ ಓದುವ ಹುಡುಗರ ಸಂಜೆಯ ತಿಂಡಿಯೂ ಬಿಸ್ಕತ್ತು, ಇಲ್ಲವೇ ಕ್ರೀಮ್ ಬನ್ನು. ರೊಟ್ಟಿ ಎಂದರೆ ಮುಖ ತಿರುಗಿಸುವ ಮಕ್ಕಳನ್ನು ಗದರಿಸಿ ಫಲವಿಲ್ಲ. ಅವರ ಮೆಚ್ಚಿನ ಚಾಕೊಲೇಟನ್ನೇ ಜೋಳದ ಹಿಟ್ಟಿನ ಜೊತೆ ಸೇರಿಸಿದರೆ ಹೇಗೆ?

ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಈಗ ಅಂಗಡಿಗಳಲ್ಲಿ ‘ಜೋಳದ ಬಿಸ್ಕತ್ತು’ ಎಂದು ಬರೆದ ಪೊಟ್ಟಣಗಳೂ ಸಿಗುತ್ತವೆ. ಕೊಳ್ಳುವ ಮುನ್ನ ಹಿಂಬದಿಯ ಸಣ್ಣಕ್ಷರಗಳನ್ನು ಓದಿ. ಯಾವ ಸಾಮಗ್ರಿಯ ತೂಕ ಹೆಚ್ಚೋ ಅದರ ಹೆಸರು ಮೊದಲು ಇರಬೇಕೆಂಬುದು ನಿಯಮ. ಮೊದಲು ಮೈದಾ, ಆಮೇಲೆ ಸಕ್ಕರೆ ಇದ್ದರೆ ಅದರಲ್ಲಿ ಜೋಳ ಹೆಸರಿಗಷ್ಟೇ ಎಂದು ತಿಳಿಯಿರಿ.

ಅಂಟಿನ ಗುಟ್ಟು

ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ನೀರು ಹಾಕಿ ಕಲಸಿದಾಗ ಅದು ರಬ್ಬರಿನಂತೆ ಹಿಗ್ಗುವ ಜಾಲವಾಗಿ ಗಾಳಿಯ ಗುಳ್ಳೆಗಳನ್ನು ಹಿಡಿದಿಡುತ್ತದೆ. ಜೋಳದಲ್ಲಿ ಇದಿಲ್ಲ. ಆದ್ದರಿಂದಲೇ ಮೈದಾ ಬದಲು ಅಷ್ಟೇ ಜೋಳದ ಹಿಟ್ಟು ಸುರಿದು ಮಾಡಿದ ಕೇಕು ಪುಡಿಪುಡಿಯಾಗುತ್ತದೆ.

ಇದಕ್ಕೆ ಉಪಾಯ ರೊಟ್ಟಿ ಬಡಿಯುವ ಅವ್ವಂದಿರಿಗೆ ಗೊತ್ತೇ ಇದೆ. ತಣ್ಣೀರಿನಲ್ಲಿ ನಾದಿದ ಹಿಟ್ಟು ಬಿರಿಯುತ್ತದೆಂದು ಅವರು ಕುದಿಯುವ ಎಸರು ಹಾಕುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಅಂಟಾಗುತ್ತದೆ. ಕೇಕಿಗೂ ಇದೇ ಉಪಾಯ ಸಾಕು.

ಇನ್ನೊಂದು ಅಂಟು ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿದೆ. ಅದು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆಹಣ್ಣು. ಚೆನ್ನಾಗಿ ಕಳಿತ ಹಣ್ಣು ಸಿಹಿ, ತೇವ, ಅಂಟು ಮೂರನ್ನೂ ಕೊಡುವುದರಿಂದ ಮೊಟ್ಟೆ ಬೇಕಿಲ್ಲ. ಬೆಲೆ ಹೆಚ್ಚೆನಿಸಿದರೆ ಸಾದಾ ಬಾಳೆಹಣ್ಣೂ ನಡೆದೀತು. ಮೆತ್ತಗಾಗಿ ಯಾರೂ ತಿನ್ನದೆ ಉಳಿದ ಹಣ್ಣೇ ಇದಕ್ಕೆ ಉತ್ತಮ.

ಜೋಳ–ಬಾಳೆ ಚಾಕೊಲೇಟ್ ಕೇಕು

ಬೇಕಾಗುವ ಸಾಮಗ್ರಿ: ಜರಡಿ ಹಿಡಿದ ಜೋಳದ ಹಿಟ್ಟು 1½ ಬಟ್ಟಲು, ಕೋಕೋ ಪುಡಿ 4 ದೊಡ್ಡ ಚಮಚ, ಬೆಲ್ಲದ ಪುಡಿ ¾ ಬಟ್ಟಲು, ಕಳಿತ ಬಾಳೆಹಣ್ಣು 2, ಮೊಸರು ½ ಬಟ್ಟಲು, ಎಣ್ಣೆ ¼ ಬಟ್ಟಲು, ಹಾಲು 1 ಬಟ್ಟಲು, ಬೇಕಿಂಗ್ ಪೌಡರ್ 1½ ಚಿಕ್ಕ ಚಮಚ, ಅಡುಗೆ ಸೋಡಾ ¼ ಚಿಕ್ಕ ಚಮಚ, ಚಿಟಿಕೆ ಉಪ್ಪು.

ಮಾಡುವ ವಿಧಾನ: 2 ದೊಡ್ಡ ಚಮಚ ಹಿಟ್ಟನ್ನು ಅರ್ಧ ಬಟ್ಟಲು ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ, ಗಂಜಿಯಂತೆ ಗಟ್ಟಿಯಾಗುವವರೆಗೆ ಕಾಯಿಸಿ ಆರಿಸಿ. ಬಾಳೆಹಣ್ಣು, ಬೆಲ್ಲ, ಮೊಸರು, ಎಣ್ಣೆಯನ್ನು ಕಿವುಚಿ ಅದಕ್ಕೆ ಸೇರಿಸಿ. ಉಳಿದ ಹಿಟ್ಟು, ಕೋಕೋ, ಉಪ್ಪು ಹಾಕಿ, ಬೇಕಾದಷ್ಟು ಹಾಲು ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. 20 ನಿಮಿಷ ನೆನೆಯಲು ಬಿಡಿ. ಆಗ ತಿನ್ನುವಾಗ ತರಿತರಿ ಎನಿಸದು. ಕೊನೆಗೆ ಬೇಕಿಂಗ್ ಪೌಡರ್, ಸೋಡಾ ಬೆರೆಸಿ, ಎಣ್ಣೆ ಸವರಿದ ಪಾತ್ರೆಗೆ ಸುರಿಯಿರಿ. ಮೊದಲೇ ಬಿಸಿ ಮಾಡಿದ ಓವನ್ನಿನಲ್ಲಿ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ಓವನ್ ಇಲ್ಲದಿದ್ದರೆ ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಉಪ್ಪು ಹರಡಿ ಕಾಯಿಸಿ, ಒಳಗೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಸುಮಾರು 45 ನಿಮಿಷ ಬೇಯಿಸಿ. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಬೆಂದಂತೆ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ.

ಬಿಸಿಲಿಗೆ ಕರಗದ ಸಿಹಿ

ಮನೆಯಲ್ಲೇ ಚಾಕೊಲೇಟ್ ಅಚ್ಚು ಹಾಕುವ ಆಸೆ ಹಲವರಿಗೆ. ಆದರೆ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುತ್ತದೆ. ನಮ್ಮ ಬೇಸಿಗೆಯೋ 40 ದಾಟುತ್ತದೆ! ಕೋಕೋ ಪುಡಿಯಲ್ಲಿ ಆ ಬೆಣ್ಣೆಯ ಬಹುಪಾಲನ್ನು ಹಿಂಡಿ ತೆಗೆದಿರುತ್ತಾರೆ. ಆದ್ದರಿಂದ ಬಿಸಿಲೂರಿಗೆ ಕೋಕೋ ಉಂಡಿಯೇ ಸರಿ. ಕೋಕೋ ನಮ್ಮ ನಾಡಿನಲ್ಲೇ, ಕರಾವಳಿಯ ಅಡಿಕೆ ತೋಟಗಳಲ್ಲೂ ಬೆಳೆಯುತ್ತದೆ; ಪುತ್ತೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ 1986ರಲ್ಲೇ ಆರಂಭವಾಯಿತು.

ಒಂದು ಬಟ್ಟಲು ಜೋಳದ ಹಿಟ್ಟನ್ನು 3 ಚಮಚ ತುಪ್ಪದಲ್ಲಿ ಘಮ ಬರುವಂತೆ ಸಣ್ಣ ಉರಿಯಲ್ಲಿ ಹುರಿಯಿರಿ. ಆರಿದ ಮೇಲೆ ಅರ್ಧ ಬಟ್ಟಲು ಹುರಿದ ಶೇಂಗಾ ಪುಡಿ, ಅರ್ಧ ಬಟ್ಟಲು ಬೆಲ್ಲದ ಪುಡಿ, 2 ಚಮಚ ಕೋಕೋ ಬೆರೆಸಿ, ಬಿಸಿ ತುಪ್ಪ ಹಾಕುತ್ತಾ ಉಂಡಿ ಕಟ್ಟಿ. ಹಾಸ್ಟೆಲಿಗೆ ಹೊರಟ ಮಕ್ಕಳ ಡಬ್ಬಿಗೂ ಇದು ಒಳ್ಳೆಯದು.

ಎರಡು ಎಚ್ಚರಿಕೆ

ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗ ಇರುವವರಿಗೆ ಜೋಳ ವರದಾನ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಗೋಧಿಯ ಅಂಶ ಬೆರೆಯುತ್ತದೆ. ಅಂಥವರು ಮನೆಯಲ್ಲೇ ಪ್ರತ್ಯೇಕವಾಗಿ ಬೀಸಿಕೊಳ್ಳುವುದು ಲೇಸು. ಇನ್ನೊಂದು, ಹಿಟ್ಟು ಜೋಳದ್ದಾದರೂ ಸಿಹಿ ಸಿಹಿಯೇ. ಬೆಲ್ಲವೂ ಸಕ್ಕರೆಯ ಬಂಧುವೇ. ಕೇಕು ಅಪರೂಪಕ್ಕೆ ಇರಲಿ.

ದಿನದ ಊಟಕ್ಕೆ ರೊಟ್ಟಿಯೇ ಬೇಕು. ಇಂದು ಸ್ವಸಹಾಯ ಸಂಘಗಳ ಮಹಿಳೆಯರು ಬಡಿದ ‘ಕಲಬುರಗಿ ರೊಟ್ಟಿ’ ಹೊರ ಊರುಗಳಿಗೂ ಹೋಗುತ್ತಿದೆ. ನಮ್ಮ ಮಕ್ಕಳೇ ಅದರ ರುಚಿ ಮರೆಯಬಾರದಲ್ಲವೇ? ಈ ರಜೆಯಲ್ಲಿ ಅವರ ಕೈಯಿಂದಲೇ ಹಿಟ್ಟು ಜರಡಿ ಹಿಡಿಸಿ, ಎಸರಿನ ಗುಟ್ಟನ್ನೂ ಹೇಳಿಕೊಡಿ.