ಬೆಳಗಿನ ಬಿಗಿತ, ಕಣತಲೆಯ ನೋವು ಮತ್ತು ಕಣ್ಣು



ವಯಸ್ಸಾದವರು ಹೆಗಲು ನೋವೆಂದರೆ ‘ವಾಯು ಹಿಡಿದಿದೆ, ಎಣ್ಣೆ ತಿಕ್ಕಿಸಿ’ ಎಂದು ನಾವೆಲ್ಲರೂ ಹೇಳಿಬಿಡುತ್ತೇವೆ. ಬಹುಪಾಲು ಅದು ದುಡಿಮೆಯ ನೋವೇ ಸರಿ. ಆದರೆ 50 ದಾಟಿದವರಿಗೆ, ಅದರಲ್ಲೂ 70ರ ಆಸುಪಾಸಿನವರಿಗೆ ಬರುವ ಒಂದು ನೋವಿನ ಬಗೆಯೇ ಬೇರೆ.

ಅದು ಎರಡು ಹೆಗಲಿಗೂ, ಸೊಂಟ ತೊಡೆಗಳಿಗೂ ಕೆಲವೇ ದಿನಗಳಲ್ಲಿ ಹಿಡಿಯುತ್ತದೆ. ಬೆಳಿಗ್ಗೆ ಎದ್ದು ಮುಕ್ಕಾಲು ಗಂಟೆಯಾದರೂ ಬಿಗಿತ ಬಿಡದು. ದೋಟಿ ಎತ್ತುವುದಿರಲಿ, ತಲೆ ಬಾಚಲೂ ಕೈ ಮೇಲೇಳದು. ಹೊತ್ತೇರಿದಂತೆ ಸಡಿಲವಾಗುತ್ತದೆ. ದುಡಿಮೆಯ ನೋವು ಇದಕ್ಕೆ ತದ್ವಿರುದ್ಧ, ಮಲಗಿದರೆ ತಗ್ಗುತ್ತದೆ. ವೈದ್ಯರು ಇದನ್ನು ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಎನ್ನುತ್ತಾರೆ. ಹೆಂಗಸರಲ್ಲಿ ಹೆಚ್ಚು.

ಇದಕ್ಕೊಂದು ಜೊತೆಗಾರ ರೋಗವಿದೆ: ಜೈಂಟ್ ಸೆಲ್ ಆರ್ಟರೈಟಿಸ್. ತಲೆಗೆ ಹೋಗುವ ರಕ್ತನಾಳಗಳ ಗೋಡೆ ಊದಿಕೊಂಡು ರಕ್ತದ ದಾರಿ ಕಿರಿದಾಗುತ್ತದೆ. 1932ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ಹಾರ್ಟನ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಉತ್ತರ ಯೂರೋಪಿನಲ್ಲಿ ಹೆಚ್ಚು, ನಮ್ಮಲ್ಲಿ ವಿರಳ; ವಿರಳವಾದ್ದರಿಂದಲೇ ಗುರುತು ತಪ್ಪುವ ಅಪಾಯವೂ ಹೆಚ್ಚು. ಹಿಂದೆಂದೂ ಇಲ್ಲದ ತಲೆನೋವು, ಕಣತಲೆ ಮುಟ್ಟಿದರೆ ನೋವು, ಅಗಿಯುತ್ತಿದ್ದಂತೆ ದವಡೆ ನೊಂದು, ನಿಲ್ಲಿಸಿದರೆ ಸರಿಹೋಗುವುದು ಇದರ ಲಕ್ಷಣ. ನಮ್ಮ ಕಡೆ ಮುದ್ದೆಯನ್ನು ನುಂಗುತ್ತೇವೆಯೇ ಹೊರತು ಅಗಿಯುವುದಿಲ್ಲ. ಹಾಗಾಗಿ ಈ ದವಡೆ ನೋವು ಊಟದಲ್ಲಿ ತಿಳಿಯದೆ ಎಲೆಅಡಿಕೆ ಹಾಕಿಕೊಂಡಾಗಲೇ ತಿಳಿಯಬಹುದು. (ಅಡಿಕೆ ಜಗಿದು ಜಗಿದು ಬಾಯಿ ತೆರೆಯಲಾಗದಂತಾಗುವ ಕಾಯಿಲೆಯೇ ಬೇರೆ.)

ಒಂದು ಕಣ್ಣಿಗೆ ಕ್ಷಣಕಾಲ ಪರದೆ ಎಳೆದಂತಾದರೆ, ಒಂದು ಎರಡಾಗಿ ಕಂಡರೆ, ಪೊರೆಯೆಂದು ತಿಳಿದು ಕಣ್ಣಿನ ಶಿಬಿರಕ್ಕೆ ಕಾಯಬೇಡಿ. ಕಣ್ಣಿನ ನರಕ್ಕೆ ರಕ್ತ ನಿಂತು ಹೋದ ದೃಷ್ಟಿ ಮರಳುವುದು ಅಪರೂಪ. ಔಷಧಿ ಬೀಳದಿದ್ದರೆ ಇನ್ನೊಂದು ಕಣ್ಣೂ ಕೆಲವೇ ದಿನಗಳಲ್ಲಿ ಹೋಗಬಹುದು. ಹೊಸಕೋಟೆಯಾಗಲಿ ದೊಡ್ಡಬಳ್ಳಾಪುರವಾಗಲಿ, ಅಂದೇ ಬೆಂಗಳೂರಿಗೆ ಹೊರಡಿ. ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆಯೂ ವಿಕ್ಟೋರಿಯಾ ಆಸ್ಪತ್ರೆಯೂ ಅಲ್ಲಿ ಹತ್ತಿರ ಹತ್ತಿರದಲ್ಲೇ ಇವೆ.

ಇ.ಎಸ್.ಆರ್., ಸಿ.ಆರ್.ಪಿ. ಎಂಬ ಸಾಮಾನ್ಯ ರಕ್ತಪರೀಕ್ಷೆಗಳು ಸುಳಿವು ಕೊಡುತ್ತವೆ, ಆದರೆ ಕ್ಷಯದಲ್ಲೂ ಅವು ಏರುತ್ತವೆ. ಔಷಧಿ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್. ಬರಿಯ ಬಿಗಿತಕ್ಕೆ ದಿನಕ್ಕೆ 12.5ರಿಂದ 25 ಮಿಲಿಗ್ರಾಂ ಸಾಕು, ಕೆಲವೇ ದಿನಗಳಲ್ಲಿ ಕೈ ಮೇಲೇಳುತ್ತದೆ. ರಕ್ತನಾಳದ ರೋಗಕ್ಕೆ 40ರಿಂದ 60 ಬೇಕು. ಅನುಮಾನ ಬಲವಾಗಿದ್ದರೆ ವೈದ್ಯರು ಉಳಿದ ಪರೀಕ್ಷೆಗಳ ವರದಿಗೆ ಕಾಯದೆ ಶುರುಮಾಡುತ್ತಾರೆ. ವರ್ಷ, ಎರಡು ವರ್ಷ ನುಂಗಬೇಕಾದೀತು. ನೋವು ಹೋಯಿತೆಂದು ತಾವೇ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಹಳೆಯ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳುತ್ತಾ ಹೋಗುವುದೂ ಸಲ್ಲದು. ಸಕ್ಕರೆ, ರಕ್ತದೊತ್ತಡ ಏರುತ್ತವೆ, ಮೂಳೆ ಸವೆಯುತ್ತದೆ. ಅವಕ್ಕೂ ವೈದ್ಯರು ಔಷಧಿ ಕೊಡುತ್ತಾರೆ. ಹಿಂದೆ ಕ್ಷಯ ಬಂದಿದ್ದವರು ಮೊದಲ ದಿನವೇ ಅದನ್ನು ಮುಚ್ಚಿಡದೆ ಹೇಳಬೇಕು.