ಹಾರ್ಮೋನು: ಗಿಡದಲ್ಲೂ ಇದೆ, ನಮ್ಮಲ್ಲೂ ಇದೆ



ಸಂಘದ ಸಭೆಗಳಲ್ಲಿ "ಹಾರ್ಮೋನು ಪ್ರಾಬ್ಲಮ್" ಎಂಬ ಮಾತು ಆಗಾಗ ಕೇಳಿಬರುತ್ತದೆ. ಮುಟ್ಟು ಏರುಪೇರಾದರೂ ಹಾರ್ಮೋನು, ಮೈ ದಪ್ಪ ಆದರೂ ಹಾರ್ಮೋನು. ಅದೇನೋ ಕೆಟ್ಟ ರೋಗ ಅಂತ ತಿಳಿದವರೂ ಇದ್ದಾರೆ. ಹಾರ್ಮೋನು ರೋಗವಲ್ಲ. ದೇಹದ ಒಂದು ಭಾಗ ಇನ್ನೊಂದು ಭಾಗಕ್ಕೆ ರಕ್ತದ ಮೂಲಕ ಕಳಿಸುವ ಸುದ್ದಿ ಅದು. 1905ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್ ಎಂಬ ವಿಜ್ಞಾನಿ ಈ ಹೆಸರನ್ನು ಬಳಕೆಗೆ ತಂದರು. "ಎಬ್ಬಿಸು, ಚುರುಕುಗೊಳಿಸು" ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು.

ಗಿಡಗಳಿಗೂ ಹಾರ್ಮೋನು ಉಂಟು. ಬಲಿತ ಬಾಳೆಗೊನೆಯನ್ನು ನಮ್ಮ ಹಿರಿಯರು ಹುಲ್ಲಿನಲ್ಲಿ ಮುಚ್ಚಿ, ನಡುವೆ ಒಂದೆರಡು ಹಣ್ಣು ಇಡುತ್ತಿದ್ದರು, ಇಲ್ಲವೇ ಹೊಗೆ ಹಾಕುತ್ತಿದ್ದರು. ಯಾಕೆ? ಹಣ್ಣಿನಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ, ಅದೇ ಗಿಡದ ಹಾರ್ಮೋನು. ಹೊಗೆಯಲ್ಲೂ ಅದು ಇರುತ್ತದೆ. ಪಕ್ಕದ ಕಾಯಿಗೆ ಅದು ತಾಗಿದರೆ ಸಾಕು, ಹಿಟ್ಟು ಸಿಹಿಯಾಗಿ, ಸಿಪ್ಪೆ ಹಳದಿಯಾಗುತ್ತದೆ. ಕೆಲವು ವ್ಯಾಪಾರಿಗಳು ಕಾರ್ಬೈಡ್ ಪುಡಿ ಇಟ್ಟು ಹಣ್ಣು ಮಾಡುತ್ತಾರಲ್ಲ, ಅದರಿಂದ ಬರುವ ಅಸಿಟಿಲೀನ್ ಅನಿಲ ಎಥಿಲೀನಿನ ಹಾಗೆ ನಟಿಸುತ್ತದೆ ಅಷ್ಟೆ. ಆ ಪುಡಿಯಲ್ಲಿ ವಿಷದ ಅಂಶ ಸೇರಿರಬಹುದಾದ್ದರಿಂದ ಕಾನೂನು ಅದನ್ನು ನಿಷೇಧಿಸಿದೆ. ಸಂತೆಯಲ್ಲಿ ಹಣ್ಣು ಮಾರುವ ಸಂಘಗಳು ಇದನ್ನು ಗಮನದಲ್ಲಿಡಬೇಕು.

ಸೇವಂತಿಗೆಯ ಕುಡಿ ಚಿವುಟಿದರೆ ಪಕ್ಕದಲ್ಲಿ ನಾಲ್ಕು ಕವಲು ಒಡೆಯುವುದೂ ಹಾರ್ಮೋನಿನ ಆಟವೇ. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಕೆಳಗಿನ ಮೊಗ್ಗುಗಳನ್ನು "ಸುಮ್ಮನಿರಿ" ಎಂದು ತಡೆದಿರುತ್ತದೆ. ಕುಡಿ ಹೋದರೆ ತಡೆಯೂ ಹೋಯಿತು.

ಗಿಡಕ್ಕೆ ಹಾರ್ಮೋನು ಮಾಡಲು ಬೇರೆ ಗ್ರಂಥಿ ಬೇಕಿಲ್ಲ. ನಮಗೆ ಬೇಕು. ಅವುಗಳಲ್ಲಿ ಹೆಂಗಸರು ಮುಖ್ಯವಾಗಿ ತಿಳಿಯಬೇಕಾದದ್ದು ಥೈರಾಯ್ಡ್. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಂತೆ ಕೂತಿರುವ ಗ್ರಂಥಿ ಇದು. ದೇಹದ ಒಲೆ ಎಷ್ಟು ಜೋರಾಗಿ ಉರಿಯಬೇಕೆಂದು ಇದರ ಹಾರ್ಮೋನು ಹೇಳುತ್ತದೆ. ಅದು ಕಡಿಮೆಯಾದರೆ ಸುಸ್ತು, ಚಳಿ, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನಲ್ಲಿ ಹೆಚ್ಚು ಸ್ರಾವ, ಮನಸ್ಸಿಗೆ ಮಂಕು. ಗಂಡಸರಿಗಿಂತ ಹೆಂಗಸರಲ್ಲಿ ಇದು ಬಹಳ ಜಾಸ್ತಿ. ಆದರೆ ಮನೆಯಲ್ಲಿ ಅವಳಿಗೆ ಸಿಗುವ ಹೆಸರು "ಸೋಮಾರಿ". ಸಭೆಯಲ್ಲಿ ತೂಕಡಿಸುವ, ಪದೇ ಪದೇ ಗೈರಾಗುವ ಸದಸ್ಯೆಗೆ ದಂಡ ಹಾಕುವ ಮೊದಲು "ರಕ್ತ ಪರೀಕ್ಷೆ ಮಾಡಿಸಿದ್ದೀಯಾ ಅಕ್ಕ?" ಎಂದು ಕೇಳುವುದು ನ್ಯಾಯ. ರಕ್ತಹೀನತೆಯಿಂದಲೂ ಇದೇ ರೀತಿ ಸುಸ್ತಾಗಬಹುದು, ಆದ್ದರಿಂದ ಎರಡನ್ನೂ ನೋಡಿಸಬೇಕು.

ವರದಿಯಲ್ಲಿ "ಟಿ.ಎಸ್.ಎಚ್. ಜಾಸ್ತಿ" ಎಂದು ಬಂದರೆ ಹಲವರು ಥೈರಾಯ್ಡ್ ಜಾಸ್ತಿ ಅಂತ ತಿಳಿಯುತ್ತಾರೆ. ಸಾಮಾನ್ಯವಾಗಿ ಅದು ತದ್ವಿರುದ್ಧ! ಟಿ.ಎಸ್.ಎಚ್. ಎಂದರೆ ಮಿದುಳಿನ ತಳದಲ್ಲಿರುವ, ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ನೋಟೀಸು. ಸಾಲದ ಕಂತು ಸರಿಯಾಗಿ ಬಂದರೆ ಸಂಘ ಸುಮ್ಮನಿರುತ್ತದೆ, ಬಾರದಿದ್ದರೆ ನೋಟೀಸಿನ ಮೇಲೆ ನೋಟೀಸು ಹೋಗುತ್ತದೆ. ಹಾಗೆಯೇ ಥೈರಾಯ್ಡ್ ಹಾರ್ಮೋನು ಕಡಿಮೆಯಾದಷ್ಟೂ ಟಿ.ಎಸ್.ಎಚ್. ಏರುತ್ತದೆ.

ಈ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ಅಯೋಡಿನ್ ಸೇರಿಸಿದ ಉಪ್ಪನ್ನೇ ತನ್ನಿ, ಡಬ್ಬಿಯ ಮುಚ್ಚಳ ಹಾಕಿಡಿ. ಆದರೆ ಅಯೋಡಿನ್ ಸಾಕಷ್ಟು ಸಿಕ್ಕಿದವರಿಗೂ ಥೈರಾಯ್ಡ್ ಕೈಕೊಡಬಹುದು. ಆಗ ಉಪ್ಪು ಜಾಸ್ತಿ ತಿಂದು ಪ್ರಯೋಜನವಿಲ್ಲ, ಮಾತ್ರೆಯೇ ಬೇಕು.

ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನಿನಿಂದ. "ಬಸುರಿ, ಮಾತ್ರೆ ತಿನ್ನಬೇಡ" ಎಂದು ಹಿರಿಯರು ನಿಲ್ಲಿಸಿದರೆ ನಷ್ಟ ಮಗುವಿಗೆ. ತಿಂಗಳು ನಿಂತ ಕೂಡಲೇ ಡಾಕ್ಟರಿಗೆ ತಿಳಿಸಿ, ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ.

ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೇ ನೀರಿನ ಜೊತೆ ತೆಗೆದುಕೊಳ್ಳಿ. ಅರ್ಧದಿಂದ ಒಂದು ಗಂಟೆ ಕಳೆದ ಮೇಲೆ ಕಾಫಿ, ತಿಂಡಿ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಬಿಡಿ. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ.